ಬಯಲು ಮತ್ತು ನಿರ್ವಾತ

ಕ್ವಾಂಟಂ ಭೌತವಿಜ್ಞಾನದ ನಿರ್ವಾತದ ಬಗ್ಗೆ ಓದುವಾಗಲೆಲ್ಲ ನನಗೆ ಅಲ್ಲಮಪ್ರಭುವಿನ ‘ಬಯಲು’, ಅವನ ವಚನಗಳು ಹೇಳುವ ಶೂನ್ಯ, ನೆನಪಾಗುತ್ತದೆ. ಎರಡೂ ಬರಿಯ ಇಲ್ಲದಿರುವಿಕೆಯಲ್ಲ. ನಿರ್ವಾತದಲ್ಲಿ ತೀರ ಹತ್ತಿರ ಇಟ್ಟ, ವಿದ್ಯುದಾವೇಶವಿಲ್ಲದ ಎರಡು ಲೋಹದ ಫಲಕಗಳು ಒಂದನ್ನೊಂದು ಸೆಳೆಯುತ್ತವೆಂದು 1948ರಲ್ಲಿ ಡಚ್ ವಿಜ್ಞಾನಿ ಹೆಂಡ್ರಿಕ್ ಕ್ಯಾಸಿಮಿರ್ ಲೆಕ್ಕ ಹಾಕಿ ತೋರಿಸಿದರು. ಫಲಕಗಳ ನಡುವಿನ ಕಿರಿದಾದ ಎಡೆಯಲ್ಲಿ, ನಿರ್ವಾತದಲ್ಲೂ ಪೂರ್ತಿ ಅಡಗದ ವಿದ್ಯುತ್ಕಾಂತೀಯ ಕ್ಷೇತ್ರದ ಕೆಲವು ತರಂಗಗಳಿಗೆ ಮಾತ್ರ ಜಾಗವಿರುವುದರಿಂದ ಈ ಸೆಳೆತ ಹುಟ್ಟುತ್ತದೆ. 1997ರಲ್ಲಿ ಅಮೆರಿಕದ ಭೌತವಿಜ್ಞಾನಿ ಸ್ಟೀವ್ ಲ್ಯಾಮೊರೊ, ಒಂದು ಫಲಕದ ಬದಲು ಗೋಳಾಕಾರದ ಮೇಲ್ಮೈಯನ್ನು ಬಳಸಿ, ಅದನ್ನು ನಿಖರವಾಗಿ ಅಳೆದರು.

ಹಾಗೆಂದು ಅಲ್ಲಮ ಕ್ವಾಂಟಂ ಕ್ಷೇತ್ರವನ್ನು ಮೊದಲೇ ಕಂಡಿದ್ದನೆನ್ನುವುದು ವಚನಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯವೆಂದೇ ನನ್ನ ನಂಬಿಕೆ. ಪ್ರಯೋಗಾಲಯದಲ್ಲಿ ಹೊರಗೆ ನಿಂತೇ ಇರುವ ಅಳೆಯುವವನು, ಅಲ್ಲಮನ ಬಯಲಿನಲ್ಲಿ ಉಳಿಯುವುದಿಲ್ಲ. ಆದರೂ ಕ್ಯಾಸಿಮಿರರ ಲೆಕ್ಕವನ್ನು ಬಿಡಿಸಲು ಕುಳಿತ ರಾತ್ರಿಗಳಲ್ಲಿ ಅಲ್ಲಮನ ವಚನಗಳನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತೇನೆ.