ಕ್ವಾಡ್‌ನ ಮುಂದಿನ ಶಾಕ್‌ಗಳು: ಪತ್ತನಾಜೆಯೊಳಗೆ ಮುಗಿಯಿತು

ಹೋದ ಸಲ ಬರೆದಾಗ ಎಂಜಿನ್ ಸ್ಟಾರ್ಟ್ ಆಗಿತ್ತು, ಅಷ್ಟೆ. ಈ ಸಲ ಕ್ವಾಡ್‌ನ ಮುಂದಿನ ಚಕ್ರಗಳ ಶಾಕ್ ಅಬ್ಸಾರ್ಬರ್‌ಗಳ ಸುದ್ದಿ. ಏಳು ಭಾನುವಾರ ಹಿಡಿಯಿತು. ಪತ್ತನಾಜೆಯೊಳಗೆ (ತುಳುನಾಡಿನಲ್ಲಿ ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ದಿನ) ಮುಗಿಸಬೇಕು ಅಂತ ಹಟ ಇತ್ತು. ಆಮೇಲೆ ಮಳೆ ಹಿಡಿದರೆ ನಮ್ಮ ಕಡೆ ಮುರಕಲ್ಲಿನ ಪಾದೆಯ ಮೇಲೆ ಪಾಚಿ ಕಟ್ಟುತ್ತದೆ, ಗಾಡಿ ಬಿಡಿ, ನಡೆದು ಹೋಗುವುದೇ ಕಷ್ಟ.

ಹೊಸದಾಗಿ ಓದುವವರಿಗೆ: ಇದು 400 ಸಿಸಿಯ ಸ್ಪೋರ್ಟ್ ಕ್ವಾಡ್. ನಾಲ್ಕು ಚಕ್ರ, ಬೈಕಿನ ಹ್ಯಾಂಡಲ್. ಹಿಂದೆ ಒಂದೇ ಶಾಕ್, ಮುಂದೆ ಎರಡು. ಮುಂದಿನ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ಎ-ಆರ್ಮ್, ಅಂದರೆ ಎ ಆಕಾರದ ಕಬ್ಬಿಣದ ತೋಳು, ಹಿಡಿದುಕೊಂಡಿರುತ್ತದೆ. ರಿಜಿಸ್ಟ್ರೇಷನ್ ಇಲ್ಲ, ರಸ್ತೆಗೆ ಇಳಿಸುವ ಹಾಗಿಲ್ಲ. ಅದಕ್ಕೇ ಉಡುಪಿಯಿಂದ ಪಿಕಪ್‌ನಲ್ಲಿ ಹಾಕಿಕೊಂಡು ಕಾರ್ಕಳದ ಹತ್ತಿರ ಭಾವನ ಜಾಗಕ್ಕೆ ಹೋಗುತ್ತೇನೆ. ಅಡಿಕೆ ತೋಟದ ಮೇಲ್ಗಡೆ ಖಾಲಿ ಗುಡ್ಡ, ಹಳೆಯ ಕಲ್ಲಿನ ಕೋರೆ, ಲಾರಿ ಓಡಾಡಿ ಅಲೆ ಅಲೆಯಾಗಿ ಎದ್ದ ಕೆಂಪು ಮಣ್ಣಿನ ದಾರಿ. ಶಾಕ್ ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಆ ಅಲೆಗಳ ಮೇಲೆಯೇ ಗಾಡಿ ನನ್ನನ್ನು ಹೆದರಿಸಿತ್ತು. ಮೊದಲ ನಾಲ್ಕೈದು ಉಬ್ಬು ಚೆನ್ನಾಗಿ ದಾಟುತ್ತದೆ, ಆಮೇಲೆ ಮುಂಭಾಗ ಕಲ್ಲಿನ ಹಾಗೆ ಗಟ್ಟಿಯಾಗಿ ಹ್ಯಾಂಡಲ್ ಎಡಕ್ಕೆ ಎಳೆಯುತ್ತದೆ. ಎರಡು ಸಲ ಅಡಿಕೆ ಮರದ ಕಡೆಗೇ ಹೋದೆ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು, ಶಾಕ್ ತುಂಬ ಗಟ್ಟಿ ಇದೆ, ಸ್ಪ್ರಿಂಗ್ ಸಡಿಲ ಮಾಡು ಅಂತ. ಭಾವ ಮಾತ್ರ, "ಮೊದಲು ಅಳತೆ ಮಾಡು ಮಾರಾಯ, ಆಮೇಲೆ ಸ್ಪ್ಯಾನರ್ ಹಿಡಿ" ಅಂದರು. ಅವರದು ಮರದ ಕೆಲಸ, ಅಳೆಯದೆ ಏನನ್ನೂ ಕೊಯ್ಯುವುದಿಲ್ಲ. ಅದೇ ಸರಿ ಅನ್ನಿಸಿತು.

ಅಳತೆ ಅಂದರೆ ಸ್ಯಾಗ್, ಭಾರಕ್ಕೆ ಗಾಡಿ ಎಷ್ಟು ಕುಗ್ಗುತ್ತದೆ ಅನ್ನುವುದು. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಚಕ್ರ ಪೂರ್ತಿ ಜೋತು ಬಿದ್ದಾಗ ಆಕ್ಸಲ್ ನಡುವಿನಿಂದ ಫ್ರೇಮಿನ ಒಂದು ಗುರುತಿಗೆ ಎಷ್ಟು ಅಂತ ಬರೆದುಕೊಳ್ಳಬೇಕು. ಕೆಳಗಿಳಿಸಿ ಮತ್ತೊಮ್ಮೆ. ಹೆಲ್ಮೆಟ್, ಬೂಟು ಎಲ್ಲ ಹಾಕಿ ಮೇಲೆ ಕೂತು ಇನ್ನೊಮ್ಮೆ. ಟೇಪ್ ಹಿಡಿದದ್ದು ಅಕ್ಕನ ಮಗಳು. "ಮಾವ, ಅಲ್ಲಾಡ್ಬೇಡಿ" ಅಂತ ನಾಲ್ಕು ಸಲ ಬೈದು, ಪ್ರತಿ ಅಳತೆಯನ್ನೂ ಎರಡೆರಡು ಸಲ ಓದಿದಳು. ನನ್ನ ಗಾಡಿಯಲ್ಲಿ ಮುಂದಿನ ಚಕ್ರದ ಪೂರ್ತಿ ಓಡಾಟ 215 ಮಿ.ಮೀ. ನಾನು ಕೂತಾಗ ಅದರಲ್ಲಿ 92 ಮಿ.ಮೀ. ಆಗಲೇ ಖರ್ಚು! ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿನ ಆಸುಪಾಸು ಇರಬೇಕು, ಅಂದರೆ 65 ರಿಂದ 70. ಗಟ್ಟಿ ಅಲ್ಲವೇ ಅಲ್ಲ, ತೀರಾ ಮೆತ್ತಗಿದೆ.

ಹಾಗಾದರೆ ಗಟ್ಟಿಯಾದ ಹಾಗೆ ಅನ್ನಿಸಿದ್ದು ಯಾಕೆ? ಉತ್ತರ ರಿಬೌಂಡ್ ಸ್ಕ್ರೂನಲ್ಲಿ ಸಿಕ್ಕಿತು. ಶಾಕ್‌ನ ಕೆಳತುದಿಯಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಒತ್ತಿದ ಸ್ಪ್ರಿಂಗ್ ವಾಪಸ್ ಎಷ್ಟು ಬೇಗ ಚಾಚಿಕೊಳ್ಳಬೇಕು ಅನ್ನುವುದನ್ನು ಅದು ಹಿಡಿದಿಡುತ್ತದೆ. ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸುತ್ತಾ ಕ್ಲಿಕ್ ಎಣಿಸಿದೆ. ಬಲಗಡೆ ಒಂಬತ್ತು, ಎಡಗಡೆ ಮೂರು. ಎಡಗಡೆಯದ್ದು ಹೆಚ್ಚು ಕಡಿಮೆ ಮುಚ್ಚಿಯೇ ಇತ್ತು, ಅಂದರೆ ಶಾಕ್ ವಾಪಸ್ ಚಾಚುವುದು ತೀರಾ ನಿಧಾನ. ಒಂದು ಉಬ್ಬು ದಾಟಿ ಚಕ್ರ ಕೆಳಗಿಳಿಯುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತದೆ, ಅದು ಇಳಿಯುವ ಮೊದಲು ಇನ್ನೊಂದು. ಪ್ರತಿ ಸಲ ಶಾಕ್ ಸ್ವಲ್ಪ ಸ್ವಲ್ಪ ಕುಗ್ಗುತ್ತಾ, ಕೊನೆಗೆ ಒಳಗೆ ಹೋಗಲು ಜಾಗವೇ ಇಲ್ಲದೆ ನಿಂತುಬಿಡುತ್ತದೆ. ಎಡಗಡೆ ಮೊದಲು ನಿಲ್ಲುತ್ತದೆ, ಹ್ಯಾಂಡಲ್ ಎಡಕ್ಕೆ ಎಳೆಯುತ್ತದೆ. ಇಷ್ಟು ದಿನ ನಾನು ಸ್ಟೇರಿಂಗ್ ರಾಡನ್ನು ಸಂಶಯಪಟ್ಟಿದ್ದೆ.

ಎರಡೂ ಕಡೆ ಹನ್ನೆರಡು ಕ್ಲಿಕ್ ಬಿಚ್ಚಿ ಓಡಿಸಿದೆ. ಅರ್ಧ ಸಮಸ್ಯೆ ಅಲ್ಲಿಗೇ ಹೋಯಿತು. ಒಂದು ಪೈಸೆ ಖರ್ಚಿಲ್ಲ. ಟಯರ್ ಗಾಳಿಯನ್ನೂ ಅದೇ ದಿನ ನೋಡಿದೆ, 12 ಪಿಎಸ್ಐ ಇತ್ತು. ಈ ಗಾಡಿಗೆ ನಾಲ್ಕೈದು ಸಾಕು. ಪೆಟ್ರೋಲ್ ಬಂಕಿನ ಗೇಜ್ ಅಷ್ಟು ಕಡಿಮೆ ಗಾಳಿಯನ್ನು ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇರೆಯೇ ಇಟ್ಟುಕೊಳ್ಳಬೇಕು.

ಆಮೇಲೆ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಅನ್ನುವುದು. ಸ್ಪ್ರಿಂಗ್ ಮೇಲಿನ ಕಾಲರನ್ನು 12 ಮಿ.ಮೀ. ಇಳಿಸಿದೆ. ಸ್ಯಾಗ್ 68ಕ್ಕೆ ಬಂತು. ಕಾಗದದ ಮೇಲೆ ಎಲ್ಲ ಸರಿ, ಆದರೆ ಕೋರೆಯ ಮೆಟ್ಟಿಲಿನಿಂದ ಹಾರಿದಾಗ ಶಾಕ್ ಪೂರ್ತಿ ಒಳಗೆ ಹೋಗಿ ತಳಕ್ಕೆ ಬಡಿಯಿತು. ಇಲ್ಲಿ ತುಂಬ ಜನ ಎಡವುತ್ತಾರೆ. ಪ್ರೀಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆ, ಅಷ್ಟೆ. ಮೊದಲು 10 ಮಿ.ಮೀ. ಒತ್ತಲು 22 ಕೆಜಿ ಬೇಕಿದ್ದರೆ ಬಿಗಿ ಮಾಡಿದ ಮೇಲೂ ಮುಂದಿನ ಪ್ರತಿ 10 ಮಿ.ಮೀ.ಗೆ ಅದೇ 22 ಕೆಜಿ. ಆ 22 ನಾನೇ ಅಳೆದದ್ದು. ಸ್ಪ್ರಿಂಗ್ ಬಿಚ್ಚಿ, ಕೆಳಗೆ ಮನುಷ್ಯರು ತೂಕ ನೋಡುವ ಮೆಷಿನ್ ಇಟ್ಟು, ಲೇತ್ ಅಂಗಡಿಯ ಅಣ್ಣನ ಪ್ರೆಸ್‌ನಲ್ಲಿ ಮೆಲ್ಲಗೆ ಒತ್ತಿದೆವು. ಸ್ಪ್ರಿಂಗ್ ಪಕ್ಕಕ್ಕೆ ಚಿಮ್ಮದ ಹಾಗೆ ಒಳಗೊಂದು ಪೈಪ್ ಇಡಲೇಬೇಕು.

ನಾನು 84 ಕೆಜಿ. ಸ್ಪ್ರಿಂಗ್ ಬದಲಿಸದೆ ಗತಿ ಇರಲಿಲ್ಲ. ಕೆನಡಾದ ಎಲ್ಕಾ, ಅಮೆರಿಕದ ಫಾಕ್ಸ್ ಇಂಥ ಗಾಡಿಗಳಿಗೇ ಒಳ್ಳೆಯ ಶಾಕ್ ಮಾಡುತ್ತಾರೆ. ಆದರೆ ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿದರೆ ನಾನು ಗಾಡಿಗೆ ಕೊಟ್ಟ ದುಡ್ಡಿನ ಹತ್ತಿರ ಹೋಗುತ್ತದೆ. ಇರುವ ಶಾಕ್‌ನ ಬಾಡಿ ಚೆನ್ನಾಗಿತ್ತು. ಬೆಂಗಳೂರಿನ ಪೀಣ್ಯದಲ್ಲಿ ಸ್ಪ್ರಿಂಗ್ ಸುತ್ತಿಕೊಡುವವರಿಗೆ ಹಳೆಯದನ್ನೇ ಕಳಿಸಿದೆ. ಹಳೆಯ ತಂತಿ 8 ಮಿ.ಮೀ., ಹೊಸದು 8.5. ಅರ್ಧ ಮಿ.ಮೀ.ನಲ್ಲಿ ಏನಾಗುತ್ತದೆ ಅಂತ ಅನ್ನಿಸಬಹುದು. ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಸುತ್ತು, ಅಗಲ ಎರಡೂ ಮೊದಲಿನಷ್ಟೇ ಇಟ್ಟರೆ ಆ ಅರ್ಧ ಮಿ.ಮೀ.ನಿಂದಲೇ 27 ಶೇಕಡಾ ಜಾಸ್ತಿ. ಬಂದ ಮೇಲೆ ಮತ್ತೆ ತೂಕದ ಮೆಷಿನ್ ಮೇಲೆ ಇಟ್ಟು ನೋಡಿದೆವು. 28 ಕೆಜಿ. ಲೆಕ್ಕ ಕೂಡಿ ಬಂದಾಗ ಆದ ಖುಷಿ ಎಂಜಿನ್ ಸ್ಟಾರ್ಟ್ ಆದ ದಿನಕ್ಕಿಂತ ಕಡಿಮೆ ಇರಲಿಲ್ಲ.

ಒಂದು ವಿಷಯ ನೆನಪಿಡಿ. ನನ್ನ ಗಾಡಿಯಲ್ಲಿ ಚಕ್ರ 10 ಮಿ.ಮೀ. ಏರಿದರೆ ಶಾಕ್‌ನ ರಾಡ್ ಒಳಗೆ ಹೋಗುವುದು ಸುಮಾರು 5. ಶಾಕ್ ಆರ್ಮಿನ ನಡುವೆ, ಓರೆಯಾಗಿ ಕೂತಿರುವುದರಿಂದ ಹೀಗೆ. ಆದ್ದರಿಂದ ಚಕ್ರದ ಹತ್ತಿರ ಸಿಗುವುದು ಸ್ಪ್ರಿಂಗಿನ ಗಟ್ಟಿತನದ ಅರ್ಧ ಅಲ್ಲ, ಕಾಲು ಭಾಗ. ಬಲ ಒಮ್ಮೆ ಅರ್ಧವಾಗುತ್ತದೆ, ಓಡಾಟ ಇನ್ನೊಮ್ಮೆ. ಬೈಕಿನ ಸ್ಪ್ರಿಂಗಿನ ನಂಬರ್ ತಂದು ಇಲ್ಲಿಗೆ ಹೋಲಿಸಿದರೆ ತಪ್ಪಾಗುವುದು ಇಲ್ಲೇ.

ಸ್ಪ್ರಿಂಗ್ ಬರುವವರೆಗೆ ಶಾಕ್ ಬಿಚ್ಚಿದೆ. ಮೊದಲು ರಿಸರ್ವಾಯರ್‌ನ (ಶಾಕ್‌ಗೆ ಸೇರಿದ ಸಣ್ಣ ಡಬ್ಬಿ) ಗ್ಯಾಸ್ ಪೂರ್ತಿ ಬಿಡಬೇಕು, ಕಣ್ಣಿಗೆ ಕನ್ನಡಕ ಹಾಕಿಯೇ. ಇದರಲ್ಲಿ ಅವಸರ ಬೇಡವೇ ಬೇಡ. ಒಳಗಿನ ಆಯಿಲ್ ಸುರಿದಾಗ ಬೂದಿ ಕಲಸಿದ ನೀರಿನ ಹಾಗಿತ್ತು, ಕೆಟ್ಟ ಮೀನಿನ ವಾಸನೆ. ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಿಗೆ ಹಿಡಿದರೆ ಅಲ್ಯೂಮಿನಿಯಂ ಪುಡಿ ಮಿನುಗುತ್ತಿತ್ತು. ಬಲಗಡೆಯ ರಾಡ್ ಮೇಲೆ ಉಗುರು ಎಳೆದರೆ ಒಂದು ಕಡೆ ಸಿಕ್ಕಿಕೊಳ್ಳುತ್ತದೆ, ಸಾಸಿವೆ ಕಾಳಿನ ಅರ್ಧದಷ್ಟು ಗುಂಡಿ. ಕಡಲ ಗಾಳಿಯ ಉಪ್ಪು ಕ್ರೋಮನ್ನು ತಿಂದದ್ದು. ಶಾಕ್ ಪ್ರತಿ ಸಲ ಒಳಗೆ ಹೋಗುವಾಗ ಆ ಗುಂಡಿಯ ಅಂಚು ಸೀಲನ್ನು ಕೊಯ್ಯುತ್ತದೆ. ಇದನ್ನು ಬಿಟ್ಟು ಹೊಸ ಸೀಲ್ ಹಾಕಿದರೆ ತಿಂಗಳೊಳಗೆ ಮತ್ತೆ ಆಯಿಲ್ ಸೋರುತ್ತದೆ. ಮಂಗಳೂರಿನ ಬೈಕಂಪಾಡಿಯಲ್ಲಿ ಹೈಡ್ರಾಲಿಕ್ ಸಿಲಿಂಡರ್ ರಾಡ್‌ಗಳಿಗೆ ಹಾರ್ಡ್ ಕ್ರೋಮ್ ಮಾಡುವವರು ಗ್ರೈಂಡ್ ಮಾಡಿ, ಕ್ರೋಮ್ ಕೂರಿಸಿ, ಮತ್ತೆ ಅಳತೆಗೆ ತಂದುಕೊಟ್ಟರು. ಎರಡು ವಾರ ಕಾಯಿಸಿದರು. ಕೆಲಸ ನೋಡಿದ ಮೇಲೆ ಕಾದದ್ದು ಮರೆತುಹೋಯಿತು.

ಶಾಕ್ ಹೊರಗಿದ್ದಾಗಲೇ ಮಾಡಬೇಕಾದ ಇನ್ನೊಂದು ಪರೀಕ್ಷೆ. ಎ-ಆರ್ಮನ್ನು ಕೈಯಲ್ಲಿ ಎತ್ತಿ ಬಿಟ್ಟುಬಿಡಿ. ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ನನ್ನದು ಎತ್ತಿದಲ್ಲೇ ನಿಂತಿತು! ಬುಶ್‌ಗಳ ಒಳಗೆ ತುಕ್ಕು. ಹೀಗಿದ್ದರೆ ಎಷ್ಟು ದುಬಾರಿ ಶಾಕ್ ಹಾಕಿದರೂ ಸುಮ್ನೆ. ಲೇತ್ ಅಣ್ಣ ಹೊಸ ಬುಶ್ ಕಡೆದುಕೊಟ್ಟರು. ಮಲ್ಪೆಯಲ್ಲಿ ಬೋಟಿನವರು ಬಳಸುವ ನೀರು ತಡೆಯುವ ಗ್ರೀಸ್ ತಂದು ತುಂಬಿದೆ. ಉಪ್ಪಿನ ಜೊತೆ ದಿನಾ ಗುದ್ದಾಡುವವರು ನಂಬುವ ಗ್ರೀಸ್ ನನಗೂ ಸಾಕು.

ಆಯಿಲ್ ವಿಷಯದಲ್ಲಿ ಡಬ್ಬದ ಮೇಲಿನ 5ಡಬ್ಲ್ಯೂ ನಂಬರನ್ನು ಮಾತ್ರ ನಂಬಬೇಡಿ. ಒಬ್ಬರ 5 ಇನ್ನೊಬ್ಬರ 5ಕ್ಕಿಂತ ತೆಳ್ಳಗಿರಬಹುದು. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ಮಂದ ಅನ್ನುವ ಅಳತೆ) ಅಂತ ಅವರ ಡೇಟಾಶೀಟ್‌ನಲ್ಲಿ ಇರುತ್ತದೆ, ಹೋಲಿಸಲು ಅದೇ ಸರಿ. ತುಂಬಿದ ಮೇಲೆ ಪಿಸ್ಟನನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತಾ ಗುಳ್ಳೆ ಬಿಡಿಸಬೇಕು. ನಾನು ಒಂದೊಂದು ಶಾಕ್‌ಗೆ ಅರ್ಧ ಗಂಟೆ ಕೂತೆ.

ಎಲ್ಲಕ್ಕಿಂತ ಹೆಚ್ಚು ಅಲೆದಾಡಿಸಿದ್ದು ನೈಟ್ರೋಜನ್. ರಿಸರ್ವಾಯರ್‌ನಲ್ಲಿ ಒಂದು ಕಡೆ ಆಯಿಲ್, ಇನ್ನೊಂದು ಕಡೆ ಗ್ಯಾಸ್, ನಡುವೆ ಒಂದು ಪರದೆ. ಗ್ಯಾಸಿನ ಒತ್ತಡ ಆಯಿಲ್ ನೊರೆಯಾಗದ ಹಾಗೆ ತಡೆಯುತ್ತದೆ. ನೊರೆಯಾದರೆ ಡ್ಯಾಂಪಿಂಗ್, ಅಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಕೆಲಸ, ಸತ್ತ ಹಾಗೆಯೇ. ಗ್ಯಾಸ್ ತುಂಬಿ ಒತ್ತಡದಲ್ಲಿ ಇಡುವ ಉಪಾಯವನ್ನು 1950ರ ದಶಕದಲ್ಲಿ ಫ್ರಾನ್ಸಿನ ಕ್ರಿಶ್ಚಿಯನ್ ದ ಕಾರ್ಬೋನ್ ಗಟ್ಟಿ ಮಾಡಿದ್ದು. ಇವತ್ತಿಗೂ ನಾವು ಅದರ ಮೇಲೆಯೇ ಕೂತು ಓಡಾಡುತ್ತಿದ್ದೇವೆ. ನನಗೆ ಬೇಕಾದದ್ದು 10 ಬಾರ್, ಸುಮಾರು 145 ಪಿಎಸ್ಐ. ಟಯರ್ ಅಂಗಡಿಯಲ್ಲಿ ನೈಟ್ರೋಜನ್ ಇದೆ, ಆದರೆ ಅಷ್ಟು ಒತ್ತಡ ಕೊಡಲು ಅವರಿಂದ ಆಗಲಿಲ್ಲ. ಮೂರು ಕಡೆ ಕೇಳಿ ಬಂದೆ. ಕೊನೆಗೆ ಮನೆಗೆ ಎಸಿ ರಿಪೇರಿಗೆ ಬಂದ ಹುಡುಗನ ಹತ್ತಿರ ಸಿಲಿಂಡರ್ ನೋಡಿದೆ. ಅವರು ತಾಮ್ರದ ಪೈಪಿನ ಲೀಕ್ ನೋಡುವುದೇ ಒತ್ತಡದ ನೈಟ್ರೋಜನ್ ಬಿಟ್ಟು, ರೆಗ್ಯುಲೇಟರ್ ಸಮೇತ ಇರುತ್ತದೆ!

ಅಲ್ಲೂ ಒಂದು ತೊಡಕು. ರಿಸರ್ವಾಯರ್‌ನ ಗ್ಯಾಸಿನ ಜಾಗ ತೀರಾ ಸಣ್ಣದು. ಹೋಸ್ ಬಿಚ್ಚುವಾಗ "ಪುಸ್" ಅಂತ ಹೋಗುವ ಆ ಒಂದು ಉಸಿರಿಗೇ ಮೂರು ನಾಲ್ಕು ಬಾರ್ ಇಳಿದುಬಿಡುತ್ತದೆ. ಮತ್ತೆ ಗೇಜ್ ಹಾಕಿ ನೋಡಿದರೆ ಇನ್ನಷ್ಟು ಇಳಿಯುತ್ತದೆ. ಮೊದಲು ವಾಲ್ವಿನ ಪಿನ್ ಮೇಲೆ ಬರಬೇಕು, ಆಮೇಲೆ ಹೋಸ್ ಬಿಚ್ಚಬೇಕು, ಆ ಥರದ ಚಕ್ ಬೇರೆಯೇ ಸಿಗುತ್ತದೆ. ಅದನ್ನು ತರಿಸಿ, ಒಂದು ವಾರ ಬಿಟ್ಟು ಹುಡುಗನನ್ನು ಮತ್ತೆ ಕರೆದೆ. ಎರಡೂ ಕಡೆ 10 ಬಾರ್ ನಿಂತಿತು.

ಜೋಡಿಸಿದ ಮೇಲೆ ಪ್ರೀಲೋಡ್ 4 ಮಿ.ಮೀ. ಸಾಕಾಯಿತು. ಸ್ಯಾಗ್ 64. ಸ್ಪ್ರಿಂಗ್ ಗಟ್ಟಿಯಾದರೆ ವಾಪಸ್ ಒದೆಯುವ ಬಲವೂ ಜಾಸ್ತಿ, ಆದ್ದರಿಂದ ರಿಬೌಂಡ್ ಎರಡು ಕ್ಲಿಕ್ ಮುಚ್ಚಿ ಹತ್ತಕ್ಕೆ ತಂದೆ. ಮುಂಭಾಗ ಮೊದಲಿಗಿಂತ 28 ಮಿ.ಮೀ. ಎತ್ತರ ನಿಂತದ್ದರಿಂದ ಟೋ (ಮುಂದಿನ ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ವಾಲಿರುವುದು) ಕೂಡ ಬದಲಾಗಿತ್ತು. ದಾರ ಕಟ್ಟಿ ಅಳೆದು, ಚಕ್ರಗಳ ಮುಂದಿನ ಅಂತರ ಹಿಂದಿನದಕ್ಕಿಂತ 6 ಮಿ.ಮೀ. ಕಡಿಮೆ ಇರುವ ಹಾಗೆ ಮಾಡಿದೆ. ಟೈ ರಾಡಿನ ಒಂದು ತುದಿ ಎಡ ಥ್ರೆಡ್, ಲಾಕ್ ನಟ್ ಬಿಚ್ಚುವಾಗ ಜೋಪಾನ.

ಹೋದ ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ರಾಡ್ ಎಷ್ಟು ಒಳಗೆ ಹೋಯಿತು ಅಂತ ಗುರುತಿಗೆ ಶಾಕ್‌ನ ರಾಡಿಗೆ ಸಣ್ಣ ಝಿಪ್ ಟೈ ಕಟ್ಟಿ ಅದೇ ಲಾರಿ ದಾರಿಯಲ್ಲಿ ಹೋದೆ. ಅಲೆಗಳ ಮೇಲೆ ಮೂರನೇ ಗೇರಿನಲ್ಲಿ ಒಂದು ಕೈ ಸಡಿಲ ಹಿಡಿದರೂ ನೇರ ಹೋಯಿತು. ಕೆಳಗೆ ಚಕ್ರಗಳು ಮಿಷಿನ್ ಹೊಲಿದ ಹಾಗೆ ಕುಣಿಯುತ್ತಿದ್ದವು, ಹ್ಯಾಂಡಲ್ ಮಾತ್ರ ಸುಮ್ಮನೆ ಇತ್ತು. ಕೋರೆಯ ಮೆಟ್ಟಿಲಿನಿಂದ ಮೂರು ಸಲ ಹಾರಿದೆ. ತಳಕ್ಕೆ ಬಡಿದ ಸದ್ದು ಒಮ್ಮೆಯೂ ಇಲ್ಲ. ಭಾವ ಬಗ್ಗಿ ಟೇಪ್ ಇಟ್ಟು ನೋಡಿದರು, ಝಿಪ್ ಟೈಯಿಂದ ಕೊನೆಗೆ ಇನ್ನೂ 9 ಮಿ.ಮೀ. ಬಾಕಿ ಇತ್ತು.

ಈಗ ಹಿಂಭಾಗ ಎಷ್ಟು ಸೋತಿದೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತಿದೆ. ಮಳೆಗಾಲದಲ್ಲಿ ಆ ಶಾಕ್ ಬಿಚ್ಚುತ್ತೇನೆ. ಎಸಿ ಹುಡುಗನಿಗೆ ಆಗಲೇ ಹೇಳಿಟ್ಟಿದ್ದೇನೆ.