ಕಪಾತು ಮಾಡಲು ಹೋಗಿ ಮಳೆ ಲೆಕ್ಕ ಕಳೆದುಕೊಂಡೆ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ಊಟದ ಕೋಣೆಯ ಮೂಲೆಯಲ್ಲಿ ಲಿನಕ್ಸ್ ಹಾಕಿದ ಒಂದು ಹಳೇ ಕಂಪ್ಯೂಟರ್ ಇದೆ. ನನ್ನ ಪ್ರಯೋಗಗಳೆಲ್ಲ ಅದರಲ್ಲೇ, ಡಾಕರ್ ಕಂಟೇನರ್‌ಗಳಲ್ಲಿ. ಡಾಕರ್ ಅಂದರೆ ಒಂದೊಂದು ಪ್ರೋಗ್ರಾಮನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್, ಆ ಡಬ್ಬಿಯೇ ಕಂಟೇನರ್.

ಕಳೆದ ವಾರ ಅದರ ಡಿಸ್ಕ್ ತುಂಬಿತು. ‘ಡಾಕರ್ ಪಿಎಸ್’ ಕೊಟ್ಟರೆ ಮೂರೇ ಕಂಟೇನರ್. ಅದು ಓಡುತ್ತಿರುವುದನ್ನು ಮಾತ್ರ ತೋರಿಸುತ್ತದೆ ಅಂತ ಆಮೇಲೆ ನೆನಪಾಯಿತು. ‘-ಎ’ ಸೇರಿಸಿದೆ. ಎಣಿಸಿದರೆ 47! ನಾನು ಹೆಸರಿಡದೆ ಬಿಟ್ಟದ್ದಕ್ಕೆಲ್ಲ ಡಾಕರ್ ತಾನೇ ನಾಮಕರಣ ಮಾಡಿತ್ತು. ಒಂದರ ಹೆಸರು ‘ಹಂಗ್ರಿ_ರಾಮಾನುಜನ್’. ಪಾಪ, ಯಾವಾಗಿನಿಂದ ಹಸಿದು ಕೂತಿದ್ದನೋ.

ಅಳಿಸುವುದು ಸುಲಭ. ‘ಡಾಕರ್ ಆರ್‌ಎಂ’ ಬರೆದು ಮುಂದೆ ಕಂಟೇನರಿನ ಹೆಸರು ಕೊಟ್ಟರಾಯಿತು. ಇಲ್ಲವೇ ಐಡಿಯ ಮೊದಲ ಮೂರ್ನಾಲ್ಕು ಅಕ್ಷರ ಸಾಕು. ಓಡುತ್ತಿದ್ದರೆ ಮಾತ್ರ ಆಗಲ್ಲ ಅನ್ನುತ್ತದೆ. ಆಗ ‘ಡಾಕರ್ ಸ್ಟಾಪ್’ ಕೊಡಬೇಕು. ಅದು ಒಳಗಿನ ಪ್ರೋಗ್ರಾಮಿಗೆ ‘ಹೊರಡಪ್ಪಾ’ ಅಂತ ಹೇಳಿ 10 ಸೆಕೆಂಡ್ ಕಾಯುತ್ತದೆ. ಏಳದಿದ್ದರೆ ಕತ್ತು ಹಿಡಿದು ದಬ್ಬುತ್ತದೆ. ‘ಆರ್‌ಎಂ -ಎಫ್’ಗೆ ಆ ಮರ್ಯಾದೆಯೂ ಇಲ್ಲ, ನೇರ ದಬ್ಬುವುದೇ. ಡೇಟಾಬೇಸ್ ಓಡುತ್ತಿದ್ದರೆ ನಾನಂತೂ ‘-ಎಫ್’ ಮುಟ್ಟಲ್ಲ.

ಐದಾರು ಅಳಿಸುವಷ್ಟರಲ್ಲಿ ಬೇಜಾರಾಯಿತು. ‘ಡಾಕರ್ ಕಂಟೇನರ್ ಪ್ರೂನ್’ ಕೊಟ್ಟೆ. ಪ್ರೂನ್ ಅಂದರೆ ನಮ್ಮ ಕಾಫಿ ಗಿಡದ ಕಪಾತೇ ಅಲ್ವಾ, ಬೇಡದ ಕೊಂಬೆ ಕತ್ತರಿಸುವುದು? ನಿಂತಿರುವುದನ್ನೆಲ್ಲ ತೆಗೆಯಲಾ ಅಂತ ಕೇಳಿತು. ‘ವೈ’ ಒತ್ತಿದೆ.

ಕುಯ್ಲು ಮುಗಿದ ಮೇಲೆ ಅಪ್ಪ ಕಪಾತು ಮಾಡುವುದನ್ನು ನೋಡಬೇಕು. ಅನುಮಾನ ಬಂದ ರೆಕ್ಕೆಯನ್ನು (ಅಡ್ಡಕೊಂಬೆಯನ್ನು) ಚಾಕುವಿನ ತುದಿಯಲ್ಲಿ ಸ್ವಲ್ಪ ಕೆರೆಯುತ್ತಾರೆ. ಒಳಗೆ ಹಸಿರಿದ್ದರೆ ಬಿಡುತ್ತಾರೆ. ಪ್ರೂನ್ ಕೆರೆದು ನೋಡುವುದಿಲ್ಲ. ನಿಂತಿದೆಯಾ, ತೆಗೆ.

ಹಾಗೆ ಹೋದದ್ದರಲ್ಲಿ ‘ಮಳೆ’ಯೂ ಒಂದು. ಅಪ್ಪ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಹೇಳುವ ಲೆಕ್ಕವನ್ನು ನಾನು ಹಾಕಿಡುತ್ತಿದ್ದ ಕಂಟೇನರ್ ಅದು. ಪ್ರೂನ್ ಕೊಡುವುದಕ್ಕೆ ಮೂರು ದಿನ ಮೊದಲು ಗಾಳಿಮಳೆಗೆ ಕರೆಂಟ್ ಹೋಗಿತ್ತು, ಯುಪಿಎಸ್ಸೂ ಕೈಕೊಟ್ಟಿತ್ತು. ಕರೆಂಟ್ ಬಂದು ಕಂಪ್ಯೂಟರ್ ಎದ್ದಾಗ ರೀಸ್ಟಾರ್ಟ್ ಪಾಲಿಸಿ (ತಾನೇ ಮತ್ತೆ ಏಳು ಅನ್ನುವ ಸೂಚನೆ) ಇದ್ದ ಮೂರು ಕಂಟೇನರ್ ತಾವೇ ಎದ್ದವು. ‘ಮಳೆ’ಗೆ ನಾನು ಆ ಪಾಲಿಸಿ ಕೊಟ್ಟೇ ಇರಲಿಲ್ಲ. ಸುಮ್ನೆ ಮಲಗಿತ್ತು. ಅದಕ್ಕಿಂತ ದೊಡ್ಡ ಪೆದ್ದುತನ ಅಂದರೆ, ಡೇಟಾ ಫೈಲನ್ನೂ ಕಂಟೇನರಿನ ಒಳಗೇ ಇಟ್ಟಿದ್ದೆ. ಹೆಸರಿಟ್ಟ ವಾಲ್ಯೂಮಿನಲ್ಲಿ, ಅಂದರೆ ಕಂಟೇನರಿನ ಹೊರಗೆ ಡಾಕರ್ ಕಾದಿಡುವ ಜಾಗದಲ್ಲಿ, ಇಟ್ಟಿದ್ದರೆ ಕಂಟೇನರ್ ಹೋದರೂ ಲೆಕ್ಕ ಉಳಿಯುತ್ತಿತ್ತು.

ಇಷ್ಟೆಲ್ಲ ಮಾಡಿ ಸಿಕ್ಕ ಜಾಗ 2 ಜಿಬಿ ಚಿಲ್ಲರೆ. ಜಾಸ್ತಿ ಜಾಗ ತಿಂದಿದ್ದು ಹಳೇ ಇಮೇಜ್‌ಗಳು, ಅಂದರೆ ಕಂಟೇನರ್ ಮಾಡುವ ಅಚ್ಚುಗಳು. ‘ಡಾಕರ್ ಸಿಸ್ಟಮ್ ಡಿಎಫ್’ ಮೊದಲೇ ಕೊಟ್ಟಿದ್ದರೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತಿತ್ತು.

ಅಪ್ಪನಿಗೆ ಹೇಳಿದೆ. ಬೈಯಲಿಲ್ಲ. ಒಳಗೆ ಹೋಗಿ ಡೈರಿ ತಂದರು. ನನ್ನ ಕಂಪ್ಯೂಟರ್ ನಂಬಿ ಅವರು ಬರೆಯುವುದು ಬಿಟ್ಟೇ ಇರಲಿಲ್ಲ!

ಈಗ ‘ಮಳೆ’ಗೆ ಬೇರೆ ವಾಲ್ಯೂಮ್ ಇದೆ, ನಾನೇ ನಿಲ್ಲಿಸದ ಹೊರತು ತಾನೇ ಏಳುವ ‘ಅನ್‌ಲೆಸ್-ಸ್ಟಾಪ್ಡ್’ ಪಾಲಿಸಿ ಇದೆ. ಪ್ರಯೋಗದ ಕಂಟೇನರ್‌ಗಳನ್ನು ‘--ಆರ್‌ಎಂ’ ಹಾಕಿಯೇ ಓಡಿಸುತ್ತೇನೆ, ಕೆಲಸ ಮುಗಿದ ಕೂಡಲೇ ತಾವೇ ಅಳಿದುಹೋಗುತ್ತವೆ. ರಾತ್ರಿ ಊಟ ಆದ ಮೇಲೆ ಅಪ್ಪ ಡೈರಿಯ ಲೆಕ್ಕ ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ನಿನ್ನೆ ಮಾರ್ಚ್ ತಿಂಗಳ ಪುಟ ಮುಗಿಯಿತು. “ಹೂಮಳೆ, 1 ಇಂಚು 10 ಸೆಂಟ್. ಹಾಕಿದ್ಯಾ?” ಅಂತ ಕನ್ನಡಕದ ಮೇಲಿಂದ ನೋಡಿದರು. ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ, ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ಜೂನ್ ಇನ್ನೂ ಬಾಕಿ. ಅದರ ಎರಡು ಪುಟ ನೀರು ತಾಗಿ ಅಂಟಿಕೊಂಡಿವೆ, ಒಲೆ ಪಕ್ಕ ಒಣಗಲು ಇಟ್ಟಿದ್ದೇವೆ.