ಮೀನಿನ ಟ್ಯಾಂಕ್ ಪೂರ್ತಿ ತೊಳೆಯಬೇಡಿ ಅಂತ ನಾನು ಯಾಕೆ ಹಟ ಹಿಡಿಯುತ್ತೇನೆ

ಹುಬ್ಬಳ್ಳಿ ಮತ್ತು ಧಾರವಾಡದ ಮನೆಗಳಿಗೆ ಹೋಗಿ ಮೀನಿನ ಟ್ಯಾಂಕ್ ಸ್ವಚ್ಛ ಮಾಡಿಕೊಡುವುದು ನನ್ನ ಕೆಲಸ. ಮಹಾನವಮಿಗೆ ಮುಂಚೆ, ಎಲ್ಲರೂ ಮನೆ ತೊಳೆಯುವ ಹೊತ್ತಿಗೆ ಫೋನ್ ಜಾಸ್ತಿ ಬರುತ್ತವೆ. ಅದಾಗಿ ಮೂರ್ನಾಲ್ಕು ದಿನಕ್ಕೆ ಮತ್ತೆ ಒಂದಷ್ಟು ಫೋನ್. ಅವು ಮನೆಯವರೇ ಟ್ಯಾಂಕ್ ತೊಳೆದುಕೊಂಡ ಮನೆಗಳಿಂದ ಬರುವಂಥವು.

“ಅಣ್ಣಾರ, ಕಲ್ಲು ಸೈತ ಬಿಡಲಾರದ ತಿಕ್ಕಿ ತೊಳದೀವ್ರಿ. ನೀರು ಕನ್ನಡಿ ಆಗೇತಿ. ಆದ್ರೂ ಮೀನು ಮ್ಯಾಲ ಬಂದು ಬಾಯಿ ತಗಿಯಾಕತ್ತಾವ್ರಿ.”

ಬಹಳ ಸಲ ಮೀನಿಗೆ ತೊಂದರೆಯಾಗಿರುವುದು ಆ ತಿಕ್ಕಿ ತೊಳೆದದ್ದರಿಂದಲೇ. ಇದನ್ನು ಫೋನಿನಲ್ಲಿ ಹೇಳುವುದು ಕಷ್ಟ. ಪಾಪ, ಅವರು ಪ್ರೀತಿಯಿಂದ ದಿನವಿಡೀ ಕೆಲಸ ಮಾಡಿರುತ್ತಾರೆ.

ಮೀನಿನ ಹೊಲಸು ಮತ್ತು ತಿನ್ನದೆ ಉಳಿದ ಕಾಳು ಕೊಳೆತು ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್‌ನಿಂದ ತೊಂದರೆ ತುಂಬಾ ಕಡಿಮೆ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ಫಿಲ್ಟರ್ ಸ್ಪಂಜಿನಲ್ಲಿ ಮತ್ತು ಕಲ್ಲುಗಳ ಮೇಲೆ. ಸ್ಪಂಜನ್ನು ನಳದ ಕೆಳಗೆ ಹಿಡಿದು, ಕಲ್ಲನ್ನು ಸೋಪು ಹಾಕಿ ತಿಕ್ಕಿದರೆ ಆ ಬಳಗವೇ ಹೋಯಿತು. ಅದು ಮತ್ತೆ ನೆಲೆಯೂರಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಅಮೋನಿಯಾ ಏರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ. ಹಾಗಾಗಿ ನೀರು ಕನ್ನಡಿಯಂತೆ ಇದ್ದರೂ ಮೀನು ಸಾಯುತ್ತವೆ.

ನಮ್ಮ ಊರಿನ ನೀರಿನ ಕಥೆಯೂ ಇದರಲ್ಲಿ ಸೇರಿಕೊಳ್ಳುತ್ತದೆ. ಅವಳಿ ನಗರಕ್ಕೆ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಬರುತ್ತದೆ. ಶುದ್ಧ ಮಾಡುವಾಗ ಕ್ಲೋರಿನ್ ಹಾಕಿರುತ್ತಾರೆ, ಹಾಕಲೇಬೇಕು. ಕೆಲವು ದಿನಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ಜನ ನಳ ಬಂದ ದಿನವೇ ಟ್ಯಾಂಕ್ ತೊಳೆಯಲು ಹಿಡಿಯುತ್ತಾರೆ, ಪೈಪ್ ಹಚ್ಚಿ ನೇರವಾಗಿ ತುಂಬಿಸುತ್ತಾರೆ. ಅಂದರೆ ಕ್ಲೋರಿನ್ ತಾಜಾ ಇರುವ ಹೊತ್ತಿಗೇ ಮೀನನ್ನು ಅದರಲ್ಲಿ ಬಿಟ್ಟಂತೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಗಳನ್ನು ಬಾಟಲಿ ಮೇಲೆ ಬರೆದ ಅಳತೆಯಲ್ಲಿ ಮೊದಲು ಹಾಕಿ, ಆಮೇಲೆ ತುಂಬಿಸಿ. ಬೋರ್ ನೀರಿಗೆ ಸಾಮಾನ್ಯವಾಗಿ ಕ್ಲೋರಿನ್ ಭಯವಿಲ್ಲ, ಆದರೆ ಗಡಸು ಜಾಸ್ತಿ. ಒಮ್ಮೆಲೇ ಪೂರ್ತಿ ಬದಲಿಸಿದರೆ ಮೀನು ತಡೆಯುವುದಿಲ್ಲ.

ಅದಕ್ಕೇ ನಾನು ಕಾಲು ಭಾಗ ನೀರು ಮಾತ್ರ ತೆಗೆಯುತ್ತೇನೆ. ಸ್ಪಂಜನ್ನು ಆ ತೆಗೆದ ನೀರಿನ ಬಕೆಟಿನಲ್ಲೇ ಅದ್ದಿ ಹಿಂಡುತ್ತೇನೆ. ಮೀನನ್ನು ಹೊರಗೆ ತೆಗೆಯುವುದಿಲ್ಲ. ಬಲೆ ಹಾಕಿ ಹಿಡಿಯುವಾಗಲೇ ಎಷ್ಟೋ ಮೀನು ಜಿಗಿದು ನೆಲಕ್ಕೆ ಬಿದ್ದಿವೆ. ಸಕ್ಕರ್ ಮೀನಿನ ಮುಳ್ಳು ಬಲೆಗೆ ಸಿಕ್ಕಿಕೊಂಡರಂತೂ ಬಲೆಯನ್ನೇ ಕತ್ತರಿಸಬೇಕು. “ರೊಕ್ಕಾ ಪೂರಾ ತಗೊಂಡು ಅರ್ಧಾ ತೊಳಿತೀರಲ್ರಿ” ಅಂತ ಕೇಳಿದವರಿದ್ದಾರೆ. ನಾನು ಬಕೆಟಿನ ಕಂದು ನೀರು ತೋರಿಸಿ, ಕೂತು ವಿವರಿಸುತ್ತೇನೆ. ಒಪ್ಪದಿದ್ದರೆ ಆ ಕೆಲಸ ಬಿಡುತ್ತೇನೆ. ಮೀನು ಸಾಯುವ ಕೆಲಸಕ್ಕೆ ಕೂಲಿ ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಇದು ಮೀನಿನ ಜೀವದ ಮಾತಾಯಿತು. ಮನುಷ್ಯರಿಗೆ ಆಗುವ ಅನಾಹುತ ಬೇರೆ ಇವೆ, ಮತ್ತು ನನಗೆ ಜಾಸ್ತಿ ಹೆದರಿಕೆ ಕರೆಂಟಿನದು.

ಕೇಶ್ವಾಪುರದ ಒಂದು ಮನೆಯಲ್ಲಿ ವೈನಿಯೊಬ್ಬರು, “ನೀರಾಗ ಕೈ ಇಟ್ರ ಜುಮ್ ಅಂತೈತ್ರಿ, ಥಂಡಿಗೆ ಇರಬೇಕು” ಅಂದರು. ನಾನು ಅವರನ್ನು ದೂರ ನಿಲ್ಲಿಸಿ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತೆ. ಹೀಟರ್ ಹೊರಗೆ ತೆಗೆದು ನೋಡಿದರೆ ಗಾಜಿನಲ್ಲಿ ಕೂದಲೆಳೆಯ ಬಿರುಕು. ಒಳಗೆ ನೀರು ಹೋಗಿತ್ತು. “ಮೀನು ಆರಾಮ ಅದಾವಲ್ರಿ?” ಅಂತ ಅವರ ಯಜಮಾನರು ಕೇಳಿದರು. ಎಲ್ಲರೂ ಹೀಗೇ ಯೋಚಿಸುತ್ತಾರೆ, ಅದೇ ಅಪಾಯ. ಮೀನು ಪೂರ್ತಿ ನೀರಿನಲ್ಲೇ ಇರುತ್ತದೆ. ಕರೆಂಟಿಗೆ ಅದರ ಮೈ ಮೂಲಕ ಭೂಮಿಗೆ ಇಳಿಯಲು ದಾರಿ ಇರುವುದಿಲ್ಲ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಕೈ ಅದ್ದಿದ ಮನುಷ್ಯ ಆ ದಾರಿಯಾಗುತ್ತಾನೆ. ಮೀನು ಈಜುತ್ತಿದೆ ಅಂದ ಮಾತ್ರಕ್ಕೆ ನೀರಿನಲ್ಲಿ ಕರೆಂಟಿಲ್ಲ ಅಂತಲ್ಲ.

ಹೀಟರ್ ಹೇಗೆ ಬಿರುಕು ಬಿಡುತ್ತದೆ ಅನ್ನುವುದೂ ತೊಳೆಯುವ ಕೆಲಸಕ್ಕೇ ಸೇರಿದ್ದು. ಡಿಸೆಂಬರ್, ಜನವರಿಯಲ್ಲಿ ಧಾರವಾಡದ ಥಂಡಿಗೆ ಹೀಟರ್ ಹಾಕಿರುತ್ತಾರೆ. ಆಫ್ ಮಾಡದೆ ನೀರು ಇಳಿಸಿದರೆ ಹೀಟರ್ ಗಾಳಿಯಲ್ಲೇ ಕಾಯುತ್ತದೆ. ಮೇಲೆ ತಣ್ಣೀರು ಬಿದ್ದ ಕೂಡಲೇ ಗಾಜು ಚಟ್ ಅನ್ನುತ್ತದೆ. ಪ್ಲಗ್ ಕಿತ್ತು, ಹೀಟರನ್ನು ನೀರಿನಲ್ಲೇ 15–20 ನಿಮಿಷ ಆರಲು ಬಿಟ್ಟು, ಆಮೇಲೆ ನೀರು ಇಳಿಸಬೇಕು. ನಾನು ಹೋದ ತಕ್ಷಣ ಮಾಡುವ ಕೆಲಸ ಇದೇ. ಹೀಟರ್ ಅಷ್ಟೇ ಅಲ್ಲ, ಫಿಲ್ಟರ್, ಲೈಟ್, ಏರ್ ಪಂಪ್ ಎಲ್ಲದರ ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ವೈರಿಂಗಿನಲ್ಲಿ ಕರೆಂಟ್ ಬರುವ ಫೇಸ್ ವೈರಿನ ಬದಲು ನ್ಯೂಟ್ರಲ್‌ಗೆ ಸ್ವಿಚ್ ಹಾಕಿರುವುದನ್ನು ನೋಡಿದ್ದೇನೆ. ಆಗ ಸ್ವಿಚ್ ಆಫ್ ಮಾಡಿದರೂ ಹೀಟರಿನ ತನಕ ಕರೆಂಟ್ ಇದ್ದೇ ಇರುತ್ತದೆ.

ಎಕ್ಸ್‌ಟೆನ್ಶನ್ ಬೋರ್ಡನ್ನು ಟ್ಯಾಂಕಿನ ಕೆಳಗೆ ನೆಲದ ಮೇಲೆ ಇಡಬೇಡಿ. ವೈರ್ ಬೋರ್ಡಿಗೆ ಬರುವ ಮೊದಲು ಅದಕ್ಕಿಂತ ಕೆಳಗೆ ಜೋತು ಬಿದ್ದು ಮೇಲೆ ಬರಬೇಕು. ಆಗ ವೈರ್ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಬೋರ್ಡಿಗೆ ಹೋಗುವುದಿಲ್ಲ. ಏರ್ ಪಂಪ್ ಕೆಳಗಿನ ಕಪಾಟಿನಲ್ಲಿದ್ದರೆ ಇನ್ನೊಂದು ತೊಂದರೆ. ಕರೆಂಟ್ ಹೋದ ಕೂಡಲೇ ನೀರು ಗಾಳಿ ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿಗೆ, ಅಲ್ಲಿಂದ ನೆಲಕ್ಕೆ ಬರುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಪೈಪಿನ ನಡುವೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್ ಹಾಕಿ. ಸಣ್ಣ ಪ್ಲಾಸ್ಟಿಕ್ ತುಂಡು, ಬೆಲೆಯೂ ಅಷ್ಟೇ ಸಣ್ಣದು. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ ಅಂತ ನಾನು ಪ್ರತಿ ಹೊಸ ಮನೆಯಲ್ಲೂ ಕೇಳುತ್ತೇನೆ. ಕೈ ಮೂಲಕ ಕರೆಂಟ್ ಸೋರಿದರೆ ಕ್ಷಣದಲ್ಲಿ ಕತ್ತರಿಸುವುದು ಅದೇ. ಲೋಡ್ ಜಾಸ್ತಿಯಾದಾಗ ಬೀಳುವ ಸಾದಾ ಎಂಸಿಬಿ ಆ ಕೆಲಸ ಮಾಡುವುದಿಲ್ಲ.

ಗಾಜು ಒಡೆಯುವುದು ಹೆಚ್ಚಾಗಿ ಸುಮ್ನೆ ಸ್ವಲ್ಪ ಸರಿಸೋಣ ಅಂದಾಗ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಅಷ್ಟೇ ಕಿಲೋ ಭಾರ. ಅರ್ಧ ಖಾಲಿ ಮಾಡಿದರೂ 95 ಕಿಲೋ, ಮೇಲೆ ಕಲ್ಲು ಬೇರೆ. ಇಬ್ಬರು ಎರಡು ಕಡೆ ಹಿಡಿದು ಎತ್ತಿದರೆ ತಳ ತಿರುಚಿಕೊಂಡು ಸಿಲಿಕಾನ್ ಜೋಡಣೆ ಬಿಡುತ್ತದೆ. ಸರಿಸಲೇಬೇಕಾದರೆ ಪೂರ್ತಿ ಖಾಲಿ ಮಾಡಿ ಸರಿಸಿ. ಮತ್ತೆ ಇಡುವಾಗ ಕೆಳಗೆ ಥರ್ಮೋಕೋಲ್ ಹಾಳೆ ಹಾಕಿ.

ಸೊಳ್ಳೆ ಸ್ಪ್ರೇ ಹೊಡೆದ ಕೋಣೆಯಲ್ಲಿ ಏರ್ ಪಂಪ್ ಓಡಿಸಬೇಡಿ. ಅದು ಆ ಗಾಳಿಯನ್ನೇ ನೀರಿಗೆ ಬಿಡುತ್ತದೆ.

ಕೊನೆಯ ಮಾತು ಕೈಯದು. ಇದು ನನ್ನಂತೆ ಈ ಕೆಲಸ ಮಾಡುವ ಹುಡುಗರಿಗೂ ಬೇಕು. ಬಾಯಿಂದ ಪೈಪ್ ಎಳೆದು ನೀರು ಹರಿಸುವುದನ್ನು ಬಿಡಿ, ಉಂಡೆ ಪಂಪ್ ಇರುವ ಸೈಫನ್ ಸಿಗುತ್ತದೆ. ಕೈಯಲ್ಲಿ ಗಾಯವಿದ್ದರೆ ಉದ್ದ ಗ್ಲೌಸ್ ಹಾಕಿ. ಟ್ಯಾಂಕಿನ ನೀರಿನಲ್ಲಿ ಮೈಕೋಬ್ಯಾಕ್ಟೀರಿಯಂ ಮ್ಯಾರಿನಂ ಅನ್ನುವ ಕ್ರಿಮಿ ಇರಬಹುದು. ಅದು ಕ್ಷಯದ ಕ್ರಿಮಿಯ ನೆಂಟ. ಗಾಯದ ಮೂಲಕ ಒಳಗೆ ಹೋದರೆ ಕೆಲವು ವಾರಗಳ ನಂತರ ಬೆರಳು ಅಥವಾ ಮುಂಗೈ ಮೇಲೆ ಗಂಟು ಏಳುತ್ತದೆ. ನೋವು ಕಡಿಮೆ ಅಂತ ಜನ ಮುಲಾಮು ಹಚ್ಚುತ್ತಾ ತಿಂಗಳು ಕಳೆಯುತ್ತಾರೆ. ಅದು ಮುಲಾಮಿಗೆ ಹೋಗುವುದಿಲ್ಲ, ತಿಂಗಳುಗಟ್ಟಲೆ ಗುಳಿಗೆ ಬೇಕಾಗುತ್ತದೆ. ಡಾಕ್ಟರ ಹತ್ತಿರ ಹೋದಾಗ ಮೀನಿನ ಟ್ಯಾಂಕಿನಲ್ಲಿ ಕೈ ಹಾಕುತ್ತೇನೆ ಅಂತ ನೀವಾಗಿಯೇ ಹೇಳಿ. ಗಂಟು ನೋಡಿ ಅವರು ಮೀನಿನ ಬಗ್ಗೆ ಕೇಳುವುದು ಅಪರೂಪ.